ಹುಟ್ಟಿದ ಮಚ್ಚೆ, ಹಚ್ಚಿಕೊಂಡ ಮಚ್ಚೆ

ಮೊದಲು ನನ್ನ ದಡ್ಡತನ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಉಳಿದವರ ಸರದಿ. ಇಪ್ಪತ್ತೊಂದನೇ ವಯಸ್ಸಿನಲ್ಲಿ, ಪೂರ್ಣ ಎಚ್ಚರವಿದ್ದು, ಯಾರ ಒತ್ತಾಯವೂ ಇಲ್ಲದೆ, ಕ್ಯಾರಬೀಜದ ಎಣ್ಣೆಯನ್ನು ನನ್ನ ಕೆನ್ನೆಗೆ ನಾನೇ ಹಚ್ಚಿಕೊಂಡೆ. ಕ್ಯಾರಬೀಜ ಎಂದರೆ ಯಾರ ಬಟ್ಟೆ ಯಾವುದೆಂದು ಗೊತ್ತಾಗಲು ಮಡಿವಾಳರು ಮೂಲೆಯಲ್ಲಿ ಚುಕ್ಕಿ ಇಡುವ ಕರಿ ಬೀಜ. ಆ ಚುಕ್ಕಿ ಬಟ್ಟೆ ಹರಿದರೂ ಹೋಗುವುದಿಲ್ಲ. ಹೋಗದ ಗುರುತು ಮಾಡುವ ವಸ್ತುವನ್ನು ಗುರುತು ಹೋಗಲೆಂದು ಹಚ್ಚಿಕೊಂಡ ಜಾಣ ಶಿಗ್ಗಾಂವದಲ್ಲಿ ನಾನೊಬ್ಬನೇ. ಹಾನಗಲ್ಲ, ಸವಣೂರಿನ ಕಡೆಯೂ ವಿಚಾರಿಸಿ ನೋಡಿದ್ದೇನೆ, ಎರಡನೆಯವನು ಇನ್ನೂ ಸಿಕ್ಕಿಲ್ಲ.

ಬೀಜ ಕೊಟ್ಟ ಮಡಿವಾಳರ ಫಕ್ಕೀರಪ್ಪನ ತಪ್ಪು ಏನೂ ಇಲ್ಲ. ಅಂಗಿಗೆ ಗುರುತು ಹಾಕಲು ಬೇಕು ಎಂದೆ. ಅವನು ನನ್ನ ಅಂಗಿ ನೋಡಲಿಲ್ಲ, ಕೆನ್ನೆ ನೋಡಿದ. ಮೂಗಿನಲ್ಲಿ ಎಳೆದು ಎಳೆದು ಮಾತನಾಡುವ ಮನುಷ್ಯ.

“ಗದಿಗೆಪ್ಪಾ, ಇದು ಅರಿವಿಗೆ ಹಚ್ಚೂದು ನೋಡಪಾ. ಮಾರಿಗೆ ಅಲ್ಲ.”

ನಾನು ತಕ್ಷಣ ಅದೇ ಮೂಗಿನಲ್ಲಿ, ಅದೇ ಎಳೆತದಲ್ಲಿ ಅವನ ಮಾತನ್ನು ಅವನಿಗೇ ಒಪ್ಪಿಸಿದೆ. ಅವನ ಹೆಂಡತಿ ನಕ್ಕು ನಕ್ಕು ಇಸ್ತ್ರಿಯ ಕೆಂಡ ಚೆಲ್ಲಿದಳು. ನಾನು ಆ ನಗೆಯನ್ನು ಕಟ್ಟಿಕೊಂಡು ಮನೆಗೆ ಬಂದೆ, ಎಚ್ಚರಿಕೆಯನ್ನು ಅಲ್ಲೇ ಬಿಟ್ಟೆ. ಅಣಕಿಸುವವನ ಹಣೆಬರಹವೇ ಇದು. ಒಬ್ಬರ ಮಾತನ್ನು ಅಣಕಿಸಬೇಕಾದರೆ ಅಕ್ಷರ ಅಕ್ಷರ ಕೇಳಿಸಿಕೊಳ್ಳಬೇಕು, ಅರ್ಥ ಮಾಡಿಕೊಳ್ಳಲೇಬೇಕೆಂದಿಲ್ಲ.

ಇನ್ನು ಮಚ್ಚೆಯ ಮಾತು. ಹುಟ್ಟುವಾಗಲೇ ತಂದದ್ದು. ಎಡಗಣ್ಣಿನ ಕೆಳಗಿನಿಂದ ದವಡೆಯವರೆಗೆ, ಕಿವಿಯನ್ನೂ ಸೇರಿಸಿಕೊಂಡು, ಯಾರೋ ನೇರಳೆ ಹಣ್ಣು ಹಿಂಡಿ ಒರೆಸಿದ ಹಾಗೆ. ನೋವಿಲ್ಲ, ತುರಿಕೆಯಿಲ್ಲ. ಅದರಿಂದ ನನಗೆ ಆದ ತೊಂದರೆಯೆಲ್ಲ ಬೇರೆಯವರ ಕೈಯಿಂದ, ಬಾಯಿಂದ. ಬಾಯಿಂದ ಎಂದದ್ದು ಬರೀ ಮಾತಿಗಲ್ಲ. ಹಲ್ಲು ತಿಕ್ಕದ ಬಾಯಿಯ ಉಗುಳು ಮಚ್ಚೆಗೆ ಮದ್ದು ಎಂದು ನಮ್ಮ ಓಣಿಯ ದೊಡ್ಡವರು ತೀರ್ಮಾನಿಸಿದ್ದರು. ಪಕ್ಕದ ಮನೆಯ ಅಜ್ಜಿ ಬೆಳಗಾದರೆ ಬಂದು, ತಂಬಾಕಿನ ಕಂಪು ಇನ್ನೂ ಆರದ ಹೆಬ್ಬೆರಳನ್ನು ತನ್ನ ಬಾಯಲ್ಲಿ ಅದ್ದಿ ನನ್ನ ಕೆನ್ನೆಗೆ ತಿಕ್ಕುತ್ತಿದ್ದಳು. ನಾಲ್ಕು ವರ್ಷ. ಅಷ್ಟರಲ್ಲಿ ಆಕೆಯ ಹಲ್ಲೆಲ್ಲ ಬಿದ್ದವು, ಮಚ್ಚೆ ಇದ್ದಲ್ಲೇ ಇತ್ತು. ಹಿರೇಬೆಂಡಿಗೇರಿಯ ಸೋದರತ್ತೆ ಬಂದಾಗ ಆಕಳ ಗಂಜಲ, ಹೋದಮೇಲೆ ಸಗಣಿಯ ಬೂದಿ. ಈಗಲೂ ಯಾರಾದರೂ ಒದ್ದೆ ಬೆರಳು ಮುಂದೆ ತಂದರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ, ಅದು ಹಣೆಗೆ ಕುಂಕುಮ ಹಚ್ಚಲು ಬಂದ ಬೆರಳಾದರೂ ಸರಿ.

ಅಣಕಿಸುವುದನ್ನು ಕಲಿತದ್ದು ಹೀಗೆಯೇ. ಬಸ್ ನಿಲ್ದಾಣದ ಕಂಡಕ್ಟರು, ಗಣಿತದ ಮಾಸ್ತರು, ಸಂತೆಯ ದಲ್ಲಾಲಿ, ಯಾರದಾದರೂ ದನಿ ಹಿಡಿದು ಬಿಟ್ಟರೆ ಜನ ನನ್ನ ಬಾಯಿ ನೋಡುತ್ತಿದ್ದರು. ಬಾಯಿ ನೋಡುವಷ್ಟು ಹೊತ್ತು ಕೆನ್ನೆ ಬಿಡುತ್ತಿದ್ದರು. ತೊದಲುವವರನ್ನು ತೊದಲಿ ತೋರಿಸಿದೆ, ಕುಂಟುವವರನ್ನು ಕುಂಟಿ ತೋರಿಸಿದೆ. ನನ್ನದೊಂದನ್ನು ಬಿಟ್ಟು ಊರಿನ ಎಲ್ಲರ ಊನವನ್ನೂ ಹರಾಜಿಗಿಟ್ಟೆ. ಈಗ ನೆನೆದರೆ ಆ ಅಜ್ಜಿಯ ಬೆರಳಿಗಿಂತ ನನ್ನ ನಾಲಗೆಯೇ ಹೆಚ್ಚು ಹೇಸಿಗೆ.

ಈ ಮಚ್ಚೆಗೆ ಕಾರಣ ಯಾರೆಂದು ಊರಿಗೆಲ್ಲ ಗೊತ್ತಿತ್ತು: ಅವ್ವ. ನಾನು ಹೊಟ್ಟೆಯಲ್ಲಿದ್ದಾಗ ಗ್ರಹಣ ಹಿಡಿದಿತ್ತಂತೆ, ಆ ಹೊತ್ತಿನಲ್ಲಿ ಆಕೆ ಕತ್ತರಿ ಹಿಡಿದಳಂತೆ. ಅವ್ವ ಬಟ್ಟೆ ಹೊಲಿಯುವವಳು. ಆಕೆಯ ಕೈಯಲ್ಲಿ ಕತ್ತರಿ ಇಲ್ಲದ ಹೊತ್ತು ಯಾವುದು ಎಂದು ಯಾರೂ ಕೇಳಲಿಲ್ಲ. ಅವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಯಂತ್ರ ತುಳಿಯುತ್ತಿದ್ದಳು. ಬಸುರಿಗೆ ಏಳನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹೊಸ ಕುಬುಸ ಉಡಿಸಿ, ಅಕ್ಕಿ ಕೊಬ್ಬರಿಯಿಂದ ಉಡಿ ತುಂಬುತ್ತಾರಲ್ಲ, ಆ ಕುಬುಸದ ಕಾರ್ಯಕ್ಕೆ ನಮ್ಮ ಓಣಿಯ ಕುಬುಸಗಳೆಲ್ಲ ಅವ್ವನ ಹೊಲಿಗೆಯವೇ. ಕುಬುಸ ಹೋಗುತ್ತಿತ್ತು, ಅವ್ವ ಹೋಗುತ್ತಿರಲಿಲ್ಲ. ಮಚ್ಚೆಯ ಮಗನನ್ನು ಹೆತ್ತವಳ ಕೈ ಬಸುರಿಯ ಉಡಿಗೆ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕರೆಯುವುದನ್ನು ಮರೆಯುತ್ತಿದ್ದರು ಅಷ್ಟೆ. ಪ್ರತಿ ಸಲವೂ ಮರೆಯುತ್ತಿದ್ದರು.

ಬಾಯಿಬಿಟ್ಟು ಹೇಳಿದವಳು ನಮ್ಮ ಬೀಗತಿ ಶಾಂತವ್ವ. ನನ್ನ ಅಕ್ಕ ನೀಲವ್ವನನ್ನು ಹಿರೇಕೆರೂರಿಗೆ ಕೊಟ್ಟಿದ್ದರು. ಆಕೆಗೆ ಮೊದಲ ಸಲ ದಿನ ನಿಂತಾಗ ನಾನು ನೋಡಿ ಬರಲು ಹೋದೆ. ಅಡಿಗೆಮನೆಯಲ್ಲಿ ಕುಳಿತು ಆಕೆಯ ಅತ್ತೆಯದೇ ನಡಿಗೆ, ಅತ್ತೆಯದೇ ಕೆಮ್ಮು ಮಾಡಿ ತೋರಿಸಿದೆ. ನೀಲಕ್ಕ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಬಾಗಿಲಲ್ಲಿ ಅತ್ತೆ ನಿಂತದ್ದನ್ನು ಇಬ್ಬರೂ ನೋಡಲಿಲ್ಲ. ಹತ್ತು ದಿನಕ್ಕೆ ಅಕ್ಕನ ಬಸಿರು ಹೋಯಿತು.

ಆರೈಕೆಗೆಂದು ಅಕ್ಕನನ್ನು ಕರೆತಂದು ಬಿಟ್ಟ ದಿನ ಬೀಗತಿ ನಮ್ಮ ಚಾಪೆಯ ಮೇಲೆ ಕುಳಿತು, ನಮ್ಮದೇ ಚಹಾ ಕುಡಿದು, ಬಸಿಯನ್ನು ಕೆಳಗಿಟ್ಟು ಹೇಳಿದಳು.

“ತಪ್ಪ ತಿಳೀಬ್ಯಾಡ್ರಿ. ಬಸರಿದ್ದಾಕಿ ಇಂಥಾ ಮಾರಿ ನೋಡಿ ಹಲ್ಲ ಕಿಸದ್ರ ಕೂಸು ನಿಲ್ಲತೈತೇನ್ರಿ? ಇನ್ನೊಮ್ಮೆ ದಿನ ನಿಂತ್ರ ನಿಮ್ಮ ಹುಡುಗನ್ನ ನಮ್ಮ ಕಡೆ ಕಳಸಬ್ಯಾಡ್ರಿ. ಕುಬುಸದ ಉಡಿನೂ ಆಕಿ ದೊಡ್ಡವ್ವನ ಕೈಲೆ ತುಂಬಸ್ತೇವಿ. ನಿಮ್ಮ ಕೈ ಬ್ಯಾಡ.”

ಅಪ್ಪ ಧಾನ್ಯದ ಅಂಗಡಿಯಲ್ಲಿ ತೂಕ ಮಾಡುವವನು, ಮನೆಯಲ್ಲಿ ಮಾತನ್ನೂ ತೂಗಿಯೇ ಹಾಕುತ್ತಾನೆ. ಅವತ್ತು ತಕ್ಕಡಿಯನ್ನೇ ಎತ್ತಲಿಲ್ಲ. ಅವ್ವನ ಯಂತ್ರ ಮಾತ್ರ ಒಂದು ಕ್ಷಣ ನಿಂತು ಮತ್ತೆ ನಡೆಯಿತು. ಕೈಯಲ್ಲಿದ್ದದ್ದು ಯಾರದೋ ಮಗಳ ಹಸಿರು ಕುಬುಸ. ನಾನು ಏನಾದರೂ ಅಣಕಿಸಬೇಕಿತ್ತು. ಅದೇ ವಾರ ಫಕ್ಕೀರಪ್ಪನ ಹತ್ತಿರ ಹೋದದ್ದು.

ನನ್ನ ಲೆಕ್ಕ ಇಷ್ಟೇ: ಎಣ್ಣೆ ಚರ್ಮ ಸುಡುತ್ತದೆ, ಸುಟ್ಟ ಚರ್ಮ ಕಿತ್ತು ಬರುತ್ತದೆ, ಒಳಗೆ ಹೊಸದು ಇರುತ್ತದೆ. ಸೂಜಿಯಿಂದ ಬೀಜ ಚುಚ್ಚಿ, ಮಚ್ಚೆಯ ನಡುವೆ ರೂಪಾಯಿ ಅಗಲ ಹಚ್ಚಿ, ಅವ್ವ ಸಂತೆಯಿಂದ ಬರುವುದರೊಳಗೆ ಕೈ ತೊಳೆದೆ. ಮರುದಿನ ಎಡಗಣ್ಣು ಮುಚ್ಚಿತು. ಮೂರನೆಯ ದಿನ ತುಟಿ ಹೊರಳಿತು. ಕೆನ್ನೆಯ ಮೇಲೆ ಗುಳ್ಳೆ ಎದ್ದು ಒಡೆದು ಹಳದಿ ನೀರು ಕುತ್ತಿಗೆಗಿಳಿಯಿತು, ಅದು ಹರಿದಲ್ಲೆಲ್ಲ ಮತ್ತೆ ಗುಳ್ಳೆ. ನನ್ನ ಮೂಗಿಗೇ ನಾನು ಬೇಡವಾದೆ. ನೀಲಕ್ಕ ಕನ್ನಡಿಯನ್ನು ಗೋಡೆಯಿಂದ ತೆಗೆದು ಅಕ್ಕಿಯ ಡಬ್ಬಿಯ ಹಿಂದೆ ಇಟ್ಟಳು. ಅವ್ವ ಬೈಯಲಿಲ್ಲ. “ಯಾಕ ಹಚ್ಚಕೊಂಡಿ?” ಎಂದು ಒಂದೇ ಸಲ ಕೇಳಿದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಆಕೆ ಎರಡನೆಯ ಸಲ ಕೇಳಲಿಲ್ಲ. ಉತ್ತರ ಸಿಕ್ಕವರು ಹಾಗೆ ಸುಮ್ಮನಾಗುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು.

ಶಿಗ್ಗಾಂವದ ಡಾಕ್ಟರು ಹುಬ್ಬಳ್ಳಿಗೆ ಕಳಿಸಿದರು, ಜೊತೆಗೆ ಅಪ್ಪ ಬಂದ. ಅಲ್ಲಿನ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗದ ಬೆಂಚಿನ ಮೇಲೆ ಕುಳಿತವರಿಗೆ ಒಂದು ನಿಯಮ ಇತ್ತು. ಪಕ್ಕದವನದು ಅಂಟುರೋಗ, ತನ್ನದು ಮಾತ್ರ ಉಷ್ಣ. ನಾನು ಕುಳಿತ ಕೂಡಲೇ ಒಬ್ಬಾತ ತನ್ನ ಗಜಕರ್ಣದ ಕಾಲನ್ನು ಎಳೆದುಕೊಂಡು ದೂರ ಸರಿದ. ನಾನೂ ನನ್ನ ಕಾಲನ್ನು ಅವನ ಹಾಗೆಯೇ ಎಳೆದುಕೊಂಡು ಇನ್ನೊಂದು ತುದಿಗೆ ಸರಿದೆ. ನಡುವೆ ಜಾಗ ಸಿಕ್ಕಿತೆಂದು ಮುದುಕಿಯೊಬ್ಬಳು ಬಂದು ಕುಳಿತು, ಅಪ್ಪನ ಕಿವಿಯಲ್ಲಿ, ನನಗೆ ಚೆನ್ನಾಗಿ ಕೇಳುವಷ್ಟು ಮೆಲ್ಲಗೆ, “ಆ ಕಡೆ ಮಾರಿ ಚಲೋ ಐತ್ರೀ, ಆ ಕಡೆಯಿಂದನ ಹೆಣ್ಣಿನವರಿಗೆ ತೋರಸ್ರಿ” ಎಂದು ಸಲಹೆ ಕೊಟ್ಟಳು. ಒಳಗೆ ಡಾಕ್ಟರ ಸುತ್ತ ಕಲಿಯುವ ಹುಡುಗರು ಗುಂಪುಗೂಡಿ ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು, ಸಂತೆಯಲ್ಲಿ ಬದನೆಕಾಯಿಯ ಹುಳುಕು ನೋಡಿದ ಹಾಗೆ. ಎಷ್ಟು ಕೈ ಮುಟ್ಟಿದವೆಂದು ಎಣಿಸುವುದನ್ನು ಬಿಟ್ಟೆ. ಆದರೆ ಆ ಡಾಕ್ಟರೇ ಹೇಳಿದ್ದು, ಹುಟ್ಟಿನಿಂದ ಬಂದ ಇಂಥ ಮಚ್ಚೆಯನ್ನು ಬೆಳಕಿನಿಂದ ಸುಟ್ಟು ತೆಳು ಮಾಡುವ ಯಂತ್ರ ಮುಂಬಯಿಗೆ ಬಂದಿದೆಯೆಂದು. ಎಂಬತ್ತರ ದಶಕದ ನಡುವಿನ ಮಾತು ಇದು. ಲೇಸರ್ ಎಂಬ ಶಬ್ದವನ್ನು ಅಪ್ಪ ಶಿಗ್ಗಾಂವದವರೆಗೂ ಬಸ್ಸಿನಲ್ಲಿ ಬಾಯಲ್ಲೇ ಇಟ್ಟುಕೊಂಡು ಬಂದ, ಮರೆತುಹೋಗದಿರಲೆಂದು.

ಮುಂಬಯಿಯಲ್ಲಿ ಅವ್ವನ ತಮ್ಮ ಗಿರಣಿಯ ಕೆಲಸದಲ್ಲಿದ್ದ. ಅವನ ಚಾಳಿನ ಖೋಲಿಯಲ್ಲಿ ಏಳು ಜನ, ನನ್ನೊಂದಿಗೆ ಎಂಟು. ಶೌಚಕ್ಕೆ ನಿಲ್ಲುವ ಸಾಲಿನಲ್ಲಿ ನನ್ನ ಮಚ್ಚೆಯನ್ನು ಯಾರೂ ನೋಡಲಿಲ್ಲ. ಎಲ್ಲರೂ ಮುಂದಿನವನ ಬೆನ್ನು ಮತ್ತು ತಮ್ಮ ಡಬ್ಬಿ ನೋಡುತ್ತಿದ್ದರು. ಆ ಸಾಲಿನ ವಾಸನೆಯನ್ನು ನಾನಿಲ್ಲಿ ಬರೆಯುವುದಿಲ್ಲ, ಓದುವವರು ಊಟ ಮಾಡಿರಬಹುದು. ಆದರೂ ನೋಡದ ಆ ಜನರ ಮೇಲೆ ನನಗೆ ಪ್ರೀತಿ ಬಂತು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನಡೆದದ್ದನ್ನು ಮಾತ್ರ ಬಿಡದೆ ಹೇಳಬೇಕು. ನನ್ನಂಥದೇ ಮಚ್ಚೆಯ ಇನ್ನೊಬ್ಬ ಮನುಷ್ಯನನ್ನು ನಾನು ಜೀವಮಾನದಲ್ಲಿ ಮೊದಲು ನೋಡಿದ್ದು ಅಲ್ಲಿ. ರತ್ನಾಗಿರಿ ಕಡೆಯ ಅಂಚೆಯವರು, ನಲವತ್ತು ದಾಟಿದವರು. ಹಣೆಯಿಂದ ಕುತ್ತಿಗೆಯವರೆಗೆ ಅದೇ ನೇರಳೆ, ತುಟಿ ದಪ್ಪವಾಗಿ ಜೋತಿತ್ತು. ಅವರು ಬಂದು ನನ್ನ ಎದುರು ಕುಳಿತರು. ನನಗೆ ಏನಾಯಿತು ಗೊತ್ತೇ? ಹೇಸಿಗೆಯಾಯಿತು. ಮುಖ ತಿರುಗಿಸಿದೆ. ಗಜಕರ್ಣದ ಆ ಕಾಲು ದೂರ ಸರಿದಂತೆಯೇ ನನ್ನ ಕಾಲು ತಾನಾಗಿ ಸರಿಯಿತು. ಈ ಸಲ ಅದು ಅಣಕ ಆಗಿರಲಿಲ್ಲ.

ಅಂಚೆಯವರು ನೋಡಿದರು. ನೊಂದುಕೊಳ್ಳಲಿಲ್ಲ. ಕಾಗದದ ಪೊಟ್ಟಣ ಬಿಚ್ಚಿ ಅರ್ಧ ಶೇಂಗಾಚಿಕ್ಕಿ ಮುರಿದು ನನ್ನ ಕಡೆ ಚಾಚಿದರು. ಅವರ ಮರಾಠಿಯಲ್ಲಿ ನನಗೆ ತಿಳಿದದ್ದು ಇಷ್ಟು: ಮೊದಲನೇ ಸಲ ನೋಡಿದಿ ಅಲ್ಲವೇ, ನನಗೂ ಈಗ ನಿನ್ನ ನೋಡಿ ಹಾಗೇ ಆಯಿತು. ಇಬ್ಬರೂ ಚಿಕ್ಕಿ ತಿಂದೆವು. ಅವರ ಬೆರಳು ಅಂಟು ಅಂಟಾಗಿತ್ತು. ಜೀವನದಲ್ಲಿ ಮೊದಲ ಸಲ ನಾನು ಇನ್ನೊಬ್ಬರ ಒದ್ದೆ ಬೆರಳಿಗೆ ಹೇಸಲಿಲ್ಲ.

ಮೊದಲ ಸಲ ಕಿವಿಯ ಹತ್ತಿರ ಚೂರು ಜಾಗದಲ್ಲಿ ಮಾತ್ರ ಪರೀಕ್ಷೆ. ನಾಲ್ಕು ತಿಂಗಳು ಬಿಟ್ಟು ಬಾ ಎಂದರು. ಆ ಚೂರು ನಿಜವಾಗಿಯೂ ತೆಳುವಾಯಿತು. ಅವ್ವ ದಿನಕ್ಕೊಮ್ಮೆ ಕಿವಿ ಹಿಡಿದು ನೋಡುತ್ತಿದ್ದಳು, ಚಿಕ್ಕಂದಿನಲ್ಲಿ ಹಿಂಡಲು ಹಿಡಿದಷ್ಟು ಸಲ ಈಗ ನೋಡಲು ಹಿಡಿದಳು. ಅಷ್ಟರಲ್ಲಿ ಗಂಡನ ಮನೆಗೆ ಮರಳಿದ್ದ ನೀಲಕ್ಕನಿಗೆ ಮತ್ತೆ ದಿನ ನಿಂತವು. ಸುದ್ದಿ ತಂದ ಭಾವ ಒಳ್ಳೆಯ ಮನುಷ್ಯ, ಅವನ ದೋಷ ಒಂದೇ, ತಾಯಿಯ ಮಾತನ್ನು ತಾಯಿಯಷ್ಟೇ ನಿಖರವಾಗಿ ಒಪ್ಪಿಸುತ್ತಾನೆ. ನನಗಿಂತ ದೊಡ್ಡ ಅಣಕಗಾರ ಅವನೇ, ಆದರೆ ಯಾರೂ ನಗುವುದಿಲ್ಲ.

“ಹುಡುಗನ ಮಾರಿ ಹಸನ ಆಗಿದ್ರ ಕುಬುಸಕ್ಕ ಎಲ್ಲಾರೂ ಬರ್ರಿ, ತಾಯೀನ ಉಡಿ ತುಂಬಲಿ ಅಂತ ಅವ್ವ ಹೇಳ್ಯಾಳ್ರಿ. ಆಗಿರಲಿಲ್ಲಂದ್ರ ಸೀರಿ, ಕುಬುಸ ಕಳಸ್ರಿ ಸಾಕು ಅಂದಾಳ.”

ಹೀಗೆ ನನ್ನ ಕೆನ್ನೆ ನನ್ನದಾಗಿ ಉಳಿಯಲಿಲ್ಲ. ಅವ್ವ ತನ್ನ ಸ್ವಂತ ಮಗಳ ಉಡಿ ತುಂಬುತ್ತಾಳೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿತು.

ಎರಡನೆಯ ಸಲ ಪೂರ್ತಿ ಕೆನ್ನೆ. ಡಾಕ್ಟರು ಮೊದಲು ಒಂದು ಕಟ್ಟಿಗೆಯ ಚಪ್ಪಟೆ ಕಡ್ಡಿಯ ಮೇಲೆ ಬೆಳಕು ಹಾಯಿಸಿ ನೋಡಿದರು. ಹಸಿರು ಚುಕ್ಕಿ ಬಿತ್ತು, ಆ ಚುಕ್ಕಿಯಿಂದ ಹೊಗೆ ಎದ್ದಿತು. ಮುಂದಿನ ಕಡ್ಡಿ ನಾನು. ಕಣ್ಣಿಗೆ ಲೋಹದ ಮುಚ್ಚಳ ಇಟ್ಟು, ಕೆನ್ನೆಗೆ ಸೂಜಿ ಹಾಕಿದರು. ಸೂಜಿ ಮರಗಟ್ಟಿಸಿದ ಜಾಗದಲ್ಲಿ ನೋವಿರಲಿಲ್ಲ, ಅಂಚಿನಲ್ಲಿ ಒಗ್ಗರಣೆಯ ಸಾಸಿವೆ ಸಿಡಿದು ಬಿದ್ದಂತೆ ಚಿಟ್ ಚಿಟ್ ಎಂದು ಸಾವಿರ ಸಲ. ನೋವನ್ನು ತಡೆದೆ, ವಾಸನೆಯನ್ನು ತಡೆಯಲಾಗಲಿಲ್ಲ. ನಮ್ಮ ಸಂತೆಯ ಹಿಂದಿನ ಓಣಿಯಲ್ಲಿ ಕುರಿಯ ತಲೆ ಸುಡುತ್ತಾರೆ, ಚಿಕ್ಕಂದಿನಲ್ಲಿ ಅಲ್ಲಿ ಮೂಗು ಹಿಡಿದು ಓಡುತ್ತಿದ್ದೆ. ಅದೇ ವಾಸನೆ. ಈ ಸಲ ತಲೆ ನನ್ನದು, ಓಡುವ ಹಾಗಿರಲಿಲ್ಲ. ವಾಂತಿ ಬಂತೆಂದು ಕೈ ಮಾಡಿದೆ. ಕಾರವಾರದ ಕಡೆಯ ನರ್ಸಬಾಯಿ ಒಬ್ಬಳು ಬೋಗುಣಿ ಹಿಡಿದು, ನನ್ನ ನೆತ್ತಿಯ ಮೇಲೆ ಕೈ ಇಟ್ಟುಕೊಂಡು ಕೊನೆಯವರೆಗೂ ನಿಂತಳು. ಅದಕ್ಕೂ ಆಕೆಯ ಕೆಲಸಕ್ಕೂ ಸಂಬಂಧವಿರಲಿಲ್ಲ, ಸುಮ್ಮನೆ ಇಟ್ಟಿದ್ದಳು.

ಮುಗಿದಮೇಲೆ ಡಾಕ್ಟರು ಹಿಂದಿಯಲ್ಲಿ ಏನೋ ಹೇಳಿದರು. ಕೆನ್ನೆಯ ನಡುವೆ ನನ್ನ ಕ್ಯಾರಬೀಜದ ಕಲೆಯನ್ನು ಬೆರಳಿನಿಂದ ತೋರಿಸಿದರು. ನರ್ಸಬಾಯಿ ಅನುವಾದಿಸಿದಳು.

“ದೇವರು ಹಾಕಿದ್ದು ತೆಳು ಆಗ್ತದೆ, ಮನುಷ್ಯ ಹಾಕಿದ್ದು ಆಗೋದಿಲ್ಲ ಅಂತಾರೆ. ಅಲ್ಲಿ ಚರ್ಮ ಸತ್ತಿದೆ. ಯಾರ್ರೀ ನಿಮಗೆ ಅದನ್ನು ಹಚ್ಚಿದ್ದು, ಅಂಥವನನ್ನು ಜೈಲಿಗೆ ಹಾಕ್ಬೇಕು.”

ಅಂಥವನು ನಿಮ್ಮ ಮುಂದೆಯೇ ಇದ್ದಾನೆ ಎಂದು ಹೇಳಲು ನನಗೆ ಬಾಯಿ ತೆರೆಯಲಾಗುತ್ತಿರಲಿಲ್ಲ.

ಊರಿಗೆ ಬಂದ ಮೇಲಿನ ಮೂರು ವಾರವನ್ನು ಯಾರೂ ಮೊದಲೇ ಹೇಳಿರುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಸುಟ್ಟದ್ದು ಬಿಳುಪಾಯಿತು, ಆಮೇಲೆ ಒಸರಿತು, ಆಮೇಲೆ ಹಕ್ಕಳೆ ಕಟ್ಟಿತು. ನೊಣಗಳಿಗೆ ನಾನು ಬೆಲ್ಲದ ಅಂಗಡಿಯಾದೆ. ಮಾತನಾಡಿದರೆ ಹಕ್ಕಳೆ ಬಿರಿಯುತ್ತಿತ್ತು, ನಕ್ಕರೆ ರಕ್ತ. ಅಣಕಿಸುವುದಂತೂ ದೂರ. ಮೂರು ವಾರ ನನ್ನ ಮುಖದಲ್ಲಿ ನನ್ನ ಮುಖ ಬಿಟ್ಟು ಬೇರೆ ಯಾರದೂ ಬರಲಿಲ್ಲ, ಅದೊಂದು ಬೇಸರದ ಸಂಗ. ಕಾಣಲು ಬಂದವರು ಬಾಗಿಲಲ್ಲೇ ಸೆರಗು ಮೂಗಿಗೆ ಹಿಡಿದು, “ಇದ್ದದ್ದ ಚಲೋ ಇತ್ತಲ್ಲೋ” ಎಂದು ಹೋದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮಚ್ಚೆಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಬೆಳಗ್ಗೆ ಎದ್ದರೆ ದಿಂಬು ಕೆನ್ನೆಗೆ ಅಂಟಿರುತ್ತಿತ್ತು. ಅಪ್ಪ ಅಂಗಡಿಗೆ ಹೋಗುವ ಮೊದಲು ಬೆಚ್ಚನೆ ನೀರಿನಲ್ಲಿ ಅರಿವೆ ಅದ್ದಿ, ದಿಂಬಿನ ಅಂಚನ್ನು ಒಂದೊಂದೇ ಎಳೆ ಬಿಡಿಸುತ್ತಿದ್ದ. ಒಂದು ದಿನವೂ ಮೂಗು ಮುರಿಯಲಿಲ್ಲ. ಬಿಡಿಸಿದ ಮೇಲೆ ನನ್ನ ಮುಖವನ್ನು ತಕ್ಕಡಿಯ ಮುಳ್ಳು ನೋಡುವ ಹಾಗೆ ಒಂದು ಕ್ಷಣ ನೋಡಿ, ಚಪ್ಪಲಿ ಮೆಟ್ಟಿ ಹೋಗುತ್ತಿದ್ದ.

ನೀಲಕ್ಕನಿಗೆ ಏಳನೇ ತಿಂಗಳು ಬರುವಷ್ಟರಲ್ಲಿ ನೇರಳೆ ಹೋಗಿ ತೆಳುಗುಲಾಬಿ ಉಳಿದಿತ್ತು, ದೂರದಿಂದ ನೋಡಿದರೆ ಬಿಸಿಲಿನಲ್ಲಿ ನಡೆದು ಬಂದವನ ಕೆನ್ನೆ. ನಡುವೆ ಮಾತ್ರ ರೂಪಾಯಿ ಅಗಲದ ಕರಿಗಲೆ, ಮೊದಲಿಗಿಂತ ಸ್ಪಷ್ಟವಾಗಿ, ಕಾಗದದ ಮೇಲೆ ಹೊಡೆದ ಠಸ್ಸೆಯ ಹಾಗೆ. ಅವ್ವ ಮಗಳ ಕುಬುಸವನ್ನು ತಾನೇ ಹೊಲಿದು, ಹಸಿರು ಸೀರೆಯ ನಡುವೆ ಮಡಿಚಿಟ್ಟಳು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಹಿರೇಕೆರೂರು ಮುಟ್ಟುವವರೆಗೆ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ನಾನು ಕಿಟಕಿಯ ಕಡೆ ಕುಳಿತು ಕಲೆಯನ್ನು ಕೈಯಿಂದ ಮುಚ್ಚಿಕೊಂಡಿದ್ದೆ.

“ಕೈ ತಗೀ,” ಎಂದಳು ಅವ್ವ. “ಬಸ್ಸಿನಾಗಿನ ಮಂದಿ ಏನ ಉಡಿ ತುಂಬಸ್ಕೊಳ್ಳಾಕ ಬಂದಾರೇನ?”

ಅಂಗಳದಲ್ಲಿ ಹೆಂಗಸರು ನೆರೆದಿದ್ದರು. ನೀಲಕ್ಕ ಮಣೆಯ ಮೇಲೆ ಕುಳಿತಿದ್ದಳು. ಉಡಿಯ ಅಕ್ಕಿ, ಕೊಬ್ಬರಿ, ಬಾಳೆಹಣ್ಣಿನ ಮೊರ ನಮ್ಮ ದೊಡ್ಡಪ್ಪನ ಹೆಂಡತಿ ದೊಡ್ಡವ್ವನ ಮುಂದೆ ಇತ್ತು, ಅವ್ವನ ಮುಂದೆ ಅಲ್ಲ. ಬೀಗತಿ ನೇರ ನನ್ನ ಹತ್ತಿರ ಬಂದು, ಗದ್ದ ಹಿಡಿದು, ಬಿಸಿಲಿಗೆ ತಿರುಗಿಸಿದಳು. ನೋಡಿದಳು. ಪೌಡರ್ ಬಡಿದುಕೊಂಡು ಬಂದಿರಬಹುದೆಂದು ಅನುಮಾನ ಬಂದಿರಬೇಕು. ಹೆಬ್ಬೆರಳನ್ನು ನಾಲಗೆಗೆ ಒತ್ತಿ ಒದ್ದೆ ಮಾಡಿ ನನ್ನ ಕೆನ್ನೆಗೆ ತಿಕ್ಕಿದಳು. ನಾಲ್ಕು ವರ್ಷ ಉಗುಳು ತಿಕ್ಕಿದ ಅಜ್ಜಿ, ತಂಬಾಕು, ಎಲ್ಲವೂ ಒಮ್ಮೆಲೇ ಗಂಟಲಿಗೆ ಬಂತು. ನುಂಗಿದೆ. ಇವತ್ತು ವಾಂತಿ ಮಾಡಿದರೆ ಅದೂ ಅವ್ವನ ಲೆಕ್ಕಕ್ಕೇ ಬೀಳುತ್ತದೆ.

ಬಣ್ಣ ಬಿಡಲಿಲ್ಲ. ಬೆರಳು ಜಾರಿ ನಡುವಿನ ಕಲೆಗೆ ಬಂದು ನಿಂತಿತು.

“ಇಲ್ಲೈತಿ ನೋಡ್ರಿ,” ಎಂದಳು ಬೀಗತಿ, ನೆರೆದ ಹೆಂಗಸರಿಗೆಲ್ಲ ಕೇಳುವಂತೆ. “ಸುತ್ತಮುತ್ತ ಸುಟಗೊಂಡು ಬಂದಾನ, ಬೇರು ಹಂಗ ಐತಿ. ಗ್ರಹಣದ್ದು ಎಲ್ಲಿ ಹೋಗತೈತಿ? ದೊಡ್ಡವ್ವಾರ, ನೀವ ತುಂಬಿಬಿಡ್ರಿ.”

ದೊಡ್ಡವ್ವ ಮೊರಕ್ಕೆ ಕೈ ಹಾಕಿದಳು. ನೀಲಕ್ಕ ತಲೆ ತಗ್ಗಿಸಿದಳು. ನನ್ನ ದಡ್ಡತನ ಕೊನೆಗೂ ಅವ್ವನ ಕೊರಳಿಗೇ ಬಂತಲ್ಲ ಎಂದು ನಾನು ನೆಲ ನೋಡುತ್ತ ನಿಂತೆ.

ಅವ್ವ ಗಂಟನ್ನು ಮಣೆಯ ಪಕ್ಕ ಇಟ್ಟು ಎದ್ದಳು. ಇಪ್ಪತ್ತೆರಡು ವರ್ಷ ಗ್ರಹಣದ ಬಗ್ಗೆ ಒಂದು ಶಬ್ದ ಆಡದವಳು ಹೋಗಿ ದೊಡ್ಡವ್ವನ ಕೈಯಿಂದ ಮೊರ ತೆಗೆದುಕೊಂಡಳು, ಯಾರೂ ತಡೆಯಲಿಲ್ಲ. ನೀಲಕ್ಕ ಉಡಿ ಒಡ್ಡಿದಳು. ಬೀಗತಿಯ ಹೆಬ್ಬೆರಳು ಇನ್ನೂ ನನ್ನ ಕೆನ್ನೆಯ ಮೇಲೆಯೇ ಇತ್ತು. ಅದು ತಾನಾಗಿ ಕೆಳಗಿಳಿಯುವಂತೆ ಮಾಡಿದ, ಆ ಮನೆಯಲ್ಲಿ ಮತ್ತೆಂದೂ ಈ ವಿಷಯ ಎತ್ತದಂತೆ ಮಾಡಿದ ಮಾತನ್ನು ನಾನು ಅವ್ವನ ದನಿಯಲ್ಲೇ ಎಷ್ಟೋ ಸಲ ಆಡಿ ನೋಡಿದ್ದೇನೆ, ಸರಿಯಾಗಿ ಬಂದಿಲ್ಲ. ಮೊದಲ ಹಿಡಿ ಅಕ್ಕಿ ಉಡಿಗೆ ಹಾಕುತ್ತ, ತಿರುಗಿಯೂ ನೋಡದೆ ಆಕೆ ಅಂದದ್ದು ಇಷ್ಟು:

“ನಾ ಹಡದದ್ದು ಹೋಗೇತ್ರಿ ಬೀಗತ್ಯಾರ. ಈಗ ನೀವು ತಿಕ್ಕಾಕತ್ತಿದ್ದು ನಮ್ಮ ಚಾಪಿ ಮ್ಯಾಲೆ ಕುಂತು ನೀವಾಡಿದ ಮಾತಿಗೆ ಅಂವ ಹಚ್ಚಕೊಂಡದ್ದು. ಅದಕ್ಕೂ ಒಂದು ಗ್ರಹಣ ಬೇಕಂದ್ರ, ಅವತ್ತು ಹಿಡದಿದ್ದು ನಿಮ್ಮ ಬಾಯಿ.”